ಒಡೆಯದೆ ಇಮ್ಮಡಿಯಾಗುವ ಕೋಶ: ಆರ್ಕಿಡ್ ಸಸ್ಯಗಳು ಕಲಿಸಿದ ಪಾಠ

ಮೊದಲಿಗೆ ಒಂದು ತಪ್ಪೊಪ್ಪಿಗೆ

ಕಳೆದ ಮಳೆಗಾಲದ ಒಂದು ಸಂಜೆ, ನಾಲ್ಕನೆಯ ತರಗತಿಯವರೆಗೆ ನನ್ನಲ್ಲಿ ಕಲಿತು ಈಗ ಹೈಸ್ಕೂಲಿಗೆ ಹೋಗುತ್ತಿರುವ ಹುಡುಗಿಯೊಬ್ಬಳು ವಿಜ್ಞಾನದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದಳು.

"ಮಾಷ್ಟ್ರೇ, ಒಂದು ಸಂಶಯ ಉಂಟು. ಜೀವಕೋಶ ಎರಡಾಗುವುದಕ್ಕೆ ಮುಂಚೆ ಅದರೊಳಗಿನ ಡಿ.ಎನ್.ಎ. ಇಮ್ಮಡಿಯಾಗುತ್ತದೆ ಅಂತ ಇಲ್ಲಿ ಬರೆದಿದ್ದಾರೆ. ಇಮ್ಮಡಿಯಾದ ಮೇಲೆ ಕೋಶ ಎರಡಾಗದೇ ಹೋದರೆ?"

"ಹಾಗೆ ಆಗಲಿಕ್ಕಿಲ್ಲ ಮಗಾ. ಎರಡಾಗುವುದಕ್ಕೋಸ್ಕರವೇ ಅಲ್ಲವೇ ಇಮ್ಮಡಿಯಾಗುವುದು?" ಎಂದು ನಾನು ತಿಳಿದವನ ಗತ್ತಿನಿಂದ ಉತ್ತರಕೊಟ್ಟೆನು. ಹುಡುಗಿ ತಲೆಯಾಡಿಸಿ ಹೊರಟುಹೋದಳು. ಆಕೆ ಹೋದ ಬಳಿಕ ನನಗೆ ನನ್ನ ಉತ್ತರದ ಮೇಲೆಯೇ ಸಂಶಯವುಂಟಾಯಿತು. ಪುಸ್ತಕಗಳನ್ನು ತಿರುವಿಹಾಕಿ ನೋಡಿದಾಗ ಪ್ರಶ್ನೆಯೇ ಸರಿ, ಉತ್ತರವೇ ತಪ್ಪು ಎಂಬುದು ಸ್ಪಷ್ಟವಾಯಿತು. ಅಷ್ಟೇ ಅಲ್ಲ, ನಾವಿಬ್ಬರೂ ಮಾತನಾಡುತ್ತ ಕುಳಿತಿದ್ದ ಜಗಲಿಯ ಮುಂದೆ, ಗೊಬ್ಬರದ ಗಿಡವನ್ನು ಸುತ್ತಿಕೊಂಡು ನಿಂತಿರುವ ಹಳೆಯ ವೆನಿಲ್ಲಾ ಬಳ್ಳಿಯ ಎಲೆಗಳಲ್ಲಿ, ಯಾವುದು ಆಗುವುದಿಲ್ಲವೆಂದು ನಾನು ಹೇಳಿದೆನೋ ಅದೇ ಆಗಿತ್ತು!

ವೆನಿಲ್ಲಾ ಎಂಬುದು ಆರ್ಕಿಡ್ ಕುಟುಂಬಕ್ಕೆ ಸೇರಿದ ಬಳ್ಳಿ. ನಮ್ಮ ಕಾಡಿನ ಮರಗಳ ಮೇಲೆ ಜೋಲಾಡುವ ಸೀತಾಳೆದಂಡೆಯೂ ಅದೇ ಕುಟುಂಬದ್ದು. ಪ್ರತಿ ಮಾಡುವುದು ಬೇರೆ, ಒಡೆದು ಎರಡಾಗುವುದು ಬೇರೆ ಎಂಬ ತತ್ತ್ವವನ್ನು ಜಗತ್ತು ಹೇಗೆ ಕಲಿತುಕೊಂಡಿತು, ಆ ಕಲಿಕೆಯಲ್ಲಿ ಈ ಕುಟುಂಬದ ಪಾತ್ರವೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಒಂದು ಮಗುವಿಗೆ ಕೊಟ್ಟ ತಪ್ಪು ಉತ್ತರಕ್ಕೆ ಇದು ಪ್ರಾಯಶ್ಚಿತ್ತವೆಂದರೂ ಸರಿಯೆ.

ಕೋಶಕೇಂದ್ರದ ದರ್ಶನ

ಈ ಕಥೆಯು ಆರಂಭವಾಗುವುದು ಆರ್ಕಿಡ್ ಹೂವಿನಿಂದಲೇ. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಫ್ರಾನ್ಸ್ ಬವರ್ ಎಂಬ ಚಿತ್ರಕಾರನಿದ್ದನು. ಸಸ್ಯಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡದ್ದನ್ನು ಕಂಡಂತೆಯೇ ಬರೆಯುವುದು ಆತನ ಕೆಲಸ. ಆರ್ಕಿಡ್ ಹೂವೊಂದರ ಕೋಶಗಳನ್ನು ಚಿತ್ರಿಸುವಾಗ ಪ್ರತಿಯೊಂದು ಕೋಶದಲ್ಲಿಯೂ ಒಂದು ದುಂಡನೆಯ ಕಲೆ ಇರುವುದನ್ನು ಆತನು ಬಿಡದೆ ಬರೆದನು. ಅದೇನೆಂಬುದು ಆತನಿಗೆ ತಿಳಿದಿರಲಿಲ್ಲ. ಅರ್ಥವಾಗದ್ದನ್ನು ಅಳಿಸಿಹಾಕದೆ ಉಳಿಸಿದ್ದೇ ಆ ಚಿತ್ರಕಾರನ ಹಿರಿಮೆ.

1831ರಲ್ಲಿ ಲಂಡನಿನ ಲಿನ್ನಿಯನ್ ಸೊಸೈಟಿಯ ಮುಂದೆ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನನು ಆರ್ಕಿಡ್ ಮತ್ತು ಎಕ್ಕದ ಕುಟುಂಬಗಳನ್ನು ಕುರಿತು ಒಂದು ಪ್ರಬಂಧವನ್ನು ಓದಿದನು. ಆರ್ಕಿಡ್ ಎಲೆಯ ಮೇಲ್ಪದರದ ಪ್ರತಿಯೊಂದು ಕೋಶದಲ್ಲಿಯೂ ಸುತ್ತಲಿನ ಭಾಗಕ್ಕಿಂತ ಸ್ವಲ್ಪ ಮಬ್ಬಾದ ಒಂದು ದುಂಡು ಇರುತ್ತದೆಂದು ವಿವರಿಸಿ, ಅದಕ್ಕೆ ನ್ಯೂಕ್ಲಿಯಸ್ ಎಂದು ಹೆಸರಿಟ್ಟನು. ಬವರನ ಚಿತ್ರಗಳನ್ನು ಸ್ಮರಿಸುವುದನ್ನು ಆತನು ಮರೆಯಲಿಲ್ಲ. ಇಂದು ಕನ್ನಡದಲ್ಲಿ ಕೋಶಕೇಂದ್ರವೆಂದು ನಾವು ಕರೆಯುವುದು ಇದನ್ನೇ. ಪ್ರಾಣಿಯಿರಲಿ, ಸಸ್ಯವಿರಲಿ, ಎಲ್ಲ ದೊಡ್ಡ ಜೀವಿಗಳ ಜೀವರಹಸ್ಯವನ್ನು ಅಡಗಿಸಿಟ್ಟುಕೊಂಡಿರುವ ಈ ಪೆಟ್ಟಿಗೆಗೆ ನಾಮಕರಣವಾದದ್ದು ಆರ್ಕಿಡ್ ಎಲೆಯ ಸಾಕ್ಷಿಯಲ್ಲಿ ಎಂಬುದು ನೆನಪಿಡತಕ್ಕ ಸಂಗತಿ.

ನಿಯಮವು ರೂಪುಗೊಂಡ ಬಗೆ

ಬಳಿಕ ಒಂದೊಂದಾಗಿ ನಿಯಮಗಳು ಹುಟ್ಟಿಕೊಂಡವು. ಕೋಶದಿಂದಲೇ ಕೋಶವು ಹುಟ್ಟುವುದೆಂಬ ಮಾತನ್ನು ಜರ್ಮನಿಯ ರುಡಾಲ್ಫ್ ವಿರ್ಖೋ 1850ರ ದಶಕದಲ್ಲಿ ಪ್ರಸಿದ್ಧಗೊಳಿಸಿದನು. 1882ರಲ್ಲಿ ವಾಲ್ಟರ್ ಫ್ಲೆಮಿಂಗನು ಪ್ರಕಟಿಸಿದ ಗ್ರಂಥದಲ್ಲಿ ಕೋಶವಿಭಜನೆಯ ಪೂರ್ಣಚಿತ್ರವೇ ಇದ್ದಿತು. ಕೋಶಕೇಂದ್ರದೊಳಗಿನ ಎಳೆಗಳು ಗಿಡ್ಡವಾಗಿ, ದಪ್ಪವಾಗಿ, ಉದ್ದಕ್ಕೆ ಸೀಳಿ, ಎರಡು ಗುಂಪಾಗಿ ಬೇರ್ಪಟ್ಟು ಎರಡು ಮರಿಕೋಶಗಳಿಗೆ ಸಮವಾಗಿ ಹಂಚಿಹೋಗುವುದನ್ನು ಆತನು ಹಂತಹಂತವಾಗಿ ತೋರಿಸಿದನು. ಆ ಎಳೆಗಳೇ ಇಂದಿನ ವರ್ಣತಂತುಗಳು.

ಇದಕ್ಕೂ ಮೊದಲೇ, 1869ರಲ್ಲಿ, ಟ್ಯೂಬಿಂಗೆನ್ ಪಟ್ಟಣದ ಹಳೆಯ ಕೋಟೆಯಲ್ಲಿದ್ದ ಪ್ರಯೋಗಶಾಲೆಯಲ್ಲಿ ಫ್ರೀಡ್ರಿಕ್ ಮೀಷರ್ ಎಂಬ ತರುಣನು ಆಸ್ಪತ್ರೆಯಿಂದ ತರಿಸಿದ ಗಾಯದ ಬಟ್ಟೆಗಳ ಕೀವಿನಿಂದ ಕೋಶಕೇಂದ್ರದ ವಸ್ತುವನ್ನು ಬೇರ್ಪಡಿಸಿದ್ದನು. ರಂಜಕವು ಹೇರಳವಾಗಿದ್ದ ಆ ವಸ್ತುವೇ ಮುಂದೆ ಡಿ.ಎನ್.ಎ. ಎಂದು ಗುರುತಿಸಲ್ಪಟ್ಟಿತು. ವಂಶದ ಗುಣಗಳನ್ನು ಒಯ್ಯುವುದು ಇದೇ ಎಂದು 1944ರಲ್ಲಿ ಏವರಿ ಮತ್ತು ಆತನ ಸಂಗಡಿಗರು ಸೂಕ್ಷ್ಮಜೀವಿಗಳ ಮೂಲಕ ತೋರಿಸಿದರು. 1948ರಲ್ಲಿ ಫ್ರಾನ್ಸಿನ ಬುವಾವೆ⁠ನ್ ಮತ್ತು ವಾಂದ್ರೆಲಿ ದಂಪತಿಗಳು ದನದ ಬೇರೆ ಬೇರೆ ಅಂಗಗಳ ಕೋಶಕೇಂದ್ರಗಳನ್ನು ಪರೀಕ್ಷಿಸಿ, ಡಿ.ಎನ್.ಎ. ಪ್ರಮಾಣವು ಎಲ್ಲದರಲ್ಲಿಯೂ ಹೆಚ್ಚುಕಡಿಮೆ ಒಂದೇ, ವೀರ್ಯಾಣುವಿನಲ್ಲಿ ಮಾತ್ರ ಅದರ ಅರ್ಧ ಎಂದು ಸಾರಿದರು.

ಹೀಗೆ ಒಂದು ಸುಂದರವಾದ ನಿಯಮವು ಸಿದ್ಧವಾಯಿತು: ಪ್ರತಿಯೊಂದು ಕೋಶದಲ್ಲಿಯೂ ಒಂದೇ ಪುಸ್ತಕ; ಕೋಶವು ಎರಡಾಗುವ ಮುನ್ನ ಆ ಪುಸ್ತಕದ ಒಂದು ಪೂರ್ಣ ಪ್ರತಿ; ಎರಡಾದ ಮೇಲೆ ಮರಿಕೋಶಕ್ಕೊಂದೊಂದು. ಈ ನಿಯಮವು ಬಹುಮಟ್ಟಿಗೆ ಸತ್ಯ. ನಮ್ಮ ಶಾಲಾಪುಸ್ತಕಗಳು ಇದನ್ನು ಕಲಿಸುವುದರಲ್ಲಿ ದೋಷವೇನೂ ಇಲ್ಲ. "ಬಹುಮಟ್ಟಿಗೆ" ಎಂಬ ಮಾತನ್ನು ನುಂಗಿಬಿಡುವುದೇ ನಮ್ಮಂತಹ ಶಿಕ್ಷಕರ ದೋಷ.

ನಿಯಮಕ್ಕೆ ಒಗ್ಗದ ಸಾಕ್ಷಿಗಳು

ನಿಯಮವು ಗಟ್ಟಿಯಾಗುವ ಮೊದಲೇ ಅದಕ್ಕೆ ಒಗ್ಗದ ಸಾಕ್ಷಿಗಳು ಕಾಣಿಸಿಕೊಂಡಿದ್ದವು. 1881ರಲ್ಲಿ ಫ್ರಾನ್ಸಿನ ಬಾಲ್ಬಿಯಾನಿಯು ಸೊಳ್ಳೆಯಂತಹ ಒಂದು ನೊಣದ ಮರಿಹುಳುವಿನ ಜೊಲ್ಲುಗ್ರಂಥಿಯಲ್ಲಿ ದೈತ್ಯಾಕಾರದ ಪಟ್ಟೆಪಟ್ಟೆಯ ಎಳೆಗಳನ್ನು ಕಂಡನು. ಅವು ವರ್ಣತಂತುಗಳೆಂಬುದು ಖಚಿತವಾಗಲು ಅರ್ಧ ಶತಮಾನವೇ ಬೇಕಾಯಿತು. 1933ರಲ್ಲಿ ಜರ್ಮನಿಯ ಹೈಟ್ಸ್ ಮತ್ತು ಬವರ್, ಅಮೆರಿಕದ ಪೇಂಟರ್ ಇವರು ಆ ಸತ್ಯವನ್ನು ಹೊರಗೆಡಹಿದರು. ಹಣ್ಣಿನ ನೊಣದ ಮರಿಯಲ್ಲಿ ಇಂತಹ ಒಂದೊಂದು ತಂತುವೂ ಸುಮಾರು ಸಾವಿರ ಎಳೆಗಳು ಒತ್ತೊತ್ತಾಗಿ ಕೂಡಿ ಆದ ಹುರಿ. ಪ್ರತಿಯ ಮೇಲೆ ಪ್ರತಿ ಆಗಿದೆ. ಕೋಶ ಮಾತ್ರ ಒಡೆದಿಲ್ಲ!

ವಿಯೆನ್ನಾ ನಗರದ ಲೋಥಾರ್ ಗೈಟ್ಲರನು ಇದನ್ನು ಇನ್ನೊಂದು ಬಗೆಯಿಂದ ನೋಡಿದನು. ಕೆರೆಯ ನೀರಿನ ಮೇಲೆ ಉದ್ದನೆಯ ಕಾಲುಗಳನ್ನೂರಿ ಜಾರಾಡುವ ಕೀಟವನ್ನು ನಾವೆಲ್ಲರೂ ಕಂಡಿದ್ದೇವೆ. ಅದರ ಗಂಡಿನ ಕೋಶಗಳಲ್ಲಿ ಒಂದು ವರ್ಣತಂತುವು ಉಳಿದವುಗಳಿಗಿಂತ ಗಾಢವಾಗಿ ಎದ್ದು ಕಾಣುತ್ತದೆ. ದೊಡ್ಡ ದೊಡ್ಡ ಕೋಶಕೇಂದ್ರಗಳಲ್ಲಿ ಅಂತಹ ಗಾಢವಾದ ಚುಕ್ಕೆಗಳು ಹಲವು ಇರುವುದನ್ನು ಎಣಿಸಿ, ಕೋಶಕೇಂದ್ರದ ಗೋಡೆ ಒಡೆಯದೆಯೇ ವರ್ಣತಂತುಗಳು ಒಳಗೊಳಗೇ ಇಮ್ಮಡಿಯಾಗಿವೆಯೆಂದು ಆತನು ನಿರ್ಣಯಿಸಿದನು. 1939ರಲ್ಲಿ ಈ ಕ್ರಿಯೆಗೆ ಎಂಡೊಮೈಟೋಸಿಸ್, ಅಂದರೆ ಒಳವಿಭಜನೆ, ಎಂಬ ಹೆಸರನ್ನೂ ಕೊಟ್ಟನು.

1953 ಈ ಇತಿಹಾಸದಲ್ಲಿ ಒಂದು ವಿಶೇಷವಾದ ವರ್ಷ. ಡಿ.ಎನ್.ಎ. ಎರಡೆಳೆಯ ಸುರುಳಿಯೆಂದು ವಾಟ್ಸನ್ ಮತ್ತು ಕ್ರಿಕ್ ಪ್ರಕಟಿಸಿದ್ದು ಆ ವರ್ಷವೇ. ಲಂಡನಿನಲ್ಲಿ ಆಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ಎಂಬಿಬ್ಬರು ಅವರೆಯ ಜಾತಿಯ ಗಿಡದ ಬೇರುಗಳಿಗೆ ವಿಕಿರಣಶೀಲ ರಂಜಕವನ್ನು ಉಣಿಸಿ ನಡೆಸಿದ ಪ್ರಯೋಗದ ವಿವರವನ್ನು ಹೊರಗೆಡಹಿದ್ದೂ ಆ ವರ್ಷವೇ. ಡಿ.ಎನ್.ಎ. ಪ್ರತಿಯಾಗುವ ಹೊತ್ತು ಒಂದು, ಕೋಶವು ಒಡೆಯುವ ಹೊತ್ತು ಇನ್ನೊಂದು, ಎರಡರ ನಡುವೆ ಬಿಡುವುಂಟು ಎಂದು ಅವರು ತೋರಿಸಿದರು. ಅದೇ ವರ್ಷ ಸ್ವೀಡನ್ನಿನ ಲೆವಾನ್ ಮತ್ತು ಅಮೆರಿಕದ ಹೌಷ್ಕ ಇವರು ಇಲಿಯ ಗಂತಿಯ ಕೋಶಗಳನ್ನು ವರ್ಣಿಸುತ್ತ ಎಂಡೊರೆಡುಪ್ಲಿಕೇಶನ್ ಎಂಬ ಶಬ್ದವನ್ನು ಬಳಕೆಗೆ ತಂದರು. ನಾವು ಇದನ್ನು ಒಳ ಇಮ್ಮಡಿ ಎಂದು ಕರೆಯಬಹುದು.

ಎರಡು ಕೆಲಸಗಳ ನಡುವೆ ಬಿಡುವಿದೆಯೆಂದ ಮೇಲೆ, ಒಂದನ್ನು ಮಾಡಿ ಇನ್ನೊಂದನ್ನು ಬಿಡುವುದೂ ಸಾಧ್ಯವೆಂದಾಯಿತಷ್ಟೆ. ಬಿಡುವುದು ಹೇಗೆ ಎಂಬುದರ ಒಂದು ಕೀಲಿ 1999ರಲ್ಲಿ ಫ್ರಾನ್ಸಿನ ಜಿಫ್ ಎಂಬ ಊರಿನಲ್ಲಿ ಏವಾ ಕೊಂಡೊರೋಶಿ ಮತ್ತು ಸಂಗಡಿಗರಿಗೆ ದೊರಕಿತು. ಕೋಶಕ್ಕೆ "ಒಡೆ" ಎಂದು ಆಜ್ಞೆ ಕೊಡುವ ಪ್ರೋಟೀನುಗಳು ಕೆಲವುಂಟು. ಅವುಗಳನ್ನು ನಾಶಗೊಳಿಸಲು ನೆರವಾಗುವ ಇನ್ನೊಂದು ಪ್ರೋಟೀನನ್ನು ಅವರು ದ್ವಿದಳಧಾನ್ಯದ ಕುಟುಂಬದ ಒಂದು ಗಿಡದಲ್ಲಿ ಗುರುತಿಸಿದರು. ಆಜ್ಞೆ ಕೊಡುವವರು ಇಲ್ಲವಾದಾಗ ಕೋಶವು ಒಡೆಯುವ ಹಂತವನ್ನು ದಾಟಿಬಿಟ್ಟು ಮತ್ತೆ ಪ್ರತಿ ಮಾಡುವ ಹಂತಕ್ಕೇ ಹಿಂದಿರುಗುತ್ತದೆ. ಅಂತಹ ಗಿಡದ ಬೇರಿನ ಗಂಟುಗಳಲ್ಲಿ, ಸಾರಜನಕವನ್ನು ಒದಗಿಸುವ ಸೂಕ್ಷ್ಮಜೀವಿಗಳನ್ನು ಅತಿಥಿಗಳಾಗಿ ಇರಿಸಿಕೊಳ್ಳುವ ಕೋಶಗಳು, ಹೀಗೆಯೇ ಬೆಳೆದು ದೊಡ್ಡವಾಗುತ್ತವೆ.

ಧೂಳಿನಂತಹ ಬೀಜ, ದೊಡ್ಡ ಕೋಶಕೇಂದ್ರ

ಅತಿಥಿ ಎಂದೊಡನೆ ಆರ್ಕಿಡ್ ಕುಟುಂಬದ ಕಡೆಗೆ ತಿರುಗಬೇಕಾಗುತ್ತದೆ. ಆರ್ಕಿಡ್ ಬೀಜವೆಂದರೆ ಬರಿಯ ಧೂಳು. ತೆಂಗಿನಕಾಯಿಗೆ ತಿರುಳಿದ್ದಂತೆ ಮರಿಗೆ ಬುತ್ತಿಯಾಗತಕ್ಕ ಆಹಾರವು ಅದರಲ್ಲಿ ಬೆಳೆಯುವುದೇ ಇಲ್ಲ. ಹಾಗಾದರೆ ಅದು ಮೊಳೆಯುವುದು ಹೇಗೆ? 1899ರಲ್ಲಿ ಫ್ರಾನ್ಸಿನ ನೊಯೆಲ್ ಬೆರ್ನಾರನು ಇದಕ್ಕೆ ಉತ್ತರವನ್ನು ಕಂಡನು. ನೆಲದೊಳಗಿನ ಒಂದು ಬಗೆಯ ಶಿಲೀಂಧ್ರವು ಬೀಜದೊಳಕ್ಕೆ ಹೊಕ್ಕು ಅದಕ್ಕೆ ಆಹಾರವನ್ನು ಒದಗಿಸುತ್ತದೆ. ಆಗ ಬೀಜವು ಬೇರೂ ಎಲೆಯೂ ಇಲ್ಲದ ಸಣ್ಣ ಗೆಡ್ಡೆಯಂತೆ ಊದಿಕೊಳ್ಳುತ್ತದೆ. ಇದಕ್ಕೆ ಪ್ರೋಟೊಕಾರ್ಮ್ ಎಂದು ಹೆಸರು. ನಾವು ಮೊಳಕೆಗೆಡ್ಡೆ ಎನ್ನೋಣ.

ಆರ್ಕಿಡ್ ಭ್ರೂಣಗಳ ಅಧ್ಯಯನದಲ್ಲಿ ಕನ್ನಡಿಗರ ಹೆಸರೂ ಒಂದುಂಟು. ಡಿ.ವಿ.ಜಿ. ಅವರ ಸುಪುತ್ರರೂ "ಹಸುರು ಹೊನ್ನು" ಗ್ರಂಥದ ಕರ್ತೃಗಳೂ ಆದ ಬಿ.ಜಿ.ಎಲ್. ಸ್ವಾಮಿಯವರು 1949ರಲ್ಲಿ ಆರ್ಕಿಡ್ ಕುಟುಂಬದ ಭ್ರೂಣಶಾಸ್ತ್ರವನ್ನು ಕುರಿತು ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಪ್ರಬಂಧಗಳು ಆ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತಿವೆ. ಸ್ವಾಮಿಯವರು ಅರಸಿದ್ದು ಭ್ರೂಣದ ಕೋಶಗಳು ಯಾವ ಕ್ರಮದಲ್ಲಿ ಒಡೆಯುತ್ತವೆ ಎಂಬುದನ್ನು. ಅವು ಒಡೆಯುವುದನ್ನು ನಿಲ್ಲಿಸಿದ ಮೇಲೆ ಒಳಗೆ ಏನಾಗುತ್ತದೆ ಎಂಬುದು ಮುಂದಿನ ತಲೆಮಾರಿನವರ ಪ್ರಶ್ನೆಯಾಯಿತು.

1924ರಲ್ಲಿ ಜರ್ಮನಿಯ ಫೋಯ್ಲ್‌ಗೆನ್ ಎಂಬವನು ಡಿ.ಎನ್.ಎ.ಯನ್ನು ಮಾತ್ರ ಕೆನ್ನೇರಿಳೆಯಾಗಿಸುವ ಬಣ್ಣದ ವಿಧಾನವೊಂದನ್ನು ಕಂಡುಹಿಡಿದಿದ್ದನು. ಬಣ್ಣವು ಎಷ್ಟು ಗಾಢವೋ ಡಿ.ಎನ್.ಎ. ಅಷ್ಟು ಹೆಚ್ಚು. ಇಂತಹ ಅಳತೆಗಳಿಂದ 1968ರಲ್ಲಿ ಅಲ್ವಾರೆಜ್ ಎಂಬ ವಿಜ್ಞಾನಿಯು ವಾಂಡಾ ಎಂಬ ಆರ್ಕಿಡಿನ ಮೊಳಕೆಗೆಡ್ಡೆಯಲ್ಲಿ ಡಿ.ಎನ್.ಎ. ಪ್ರಮಾಣವು ಬದಲಾಗುವುದನ್ನು ತೋರಿಸಿದರು. ವಾಂಡಾ ನಮ್ಮ ಸೀತಾಳೆದಂಡೆಯ ಹತ್ತಿರದ ನಂಟು. 1969ರಲ್ಲಿ ವಿಲಿಯಮ್ಸನ್ ಮತ್ತು ಹ್ಯಾಡ್ಲಿ ಎಂಬ ಬ್ರಿಟಿಷ್ ವಿಜ್ಞಾನಿಗಳು ಶಿಲೀಂಧ್ರವು ಹೊಕ್ಕ ಮೊಳಕೆಗೆಡ್ಡೆಯ ಕೋಶಕೇಂದ್ರಗಳನ್ನು ಅಳೆದರು. ಅತಿಥಿಯನ್ನು ಒಳಗಿರಿಸಿಕೊಂಡ ಕೋಶಗಳಲ್ಲಿ ಡಿ.ಎನ್.ಎ. ಹೆಚ್ಚಿತ್ತು. ಮನೆಗೆ ನೆಂಟರು ಬಂದಾಗ ಒಲೆಯ ಮೇಲೆ ಇನ್ನೊಂದು ಪಾತ್ರೆ ಏರುವಂತೆ, ಇಲ್ಲಿಯೂ ಕೆಲಸ ಹೆಚ್ಚಿದಾಗ ಪ್ರತಿಗಳೂ ಹೆಚ್ಚುತ್ತವೆ.

ಇಷ್ಟರವರೆಗಿನದು ಬೇರೆ ಸಸ್ಯಗಳಲ್ಲಿಯೂ ಕಾಣುವ ಸಂಗತಿಯೇ. ಆರ್ಕಿಡ್ ಕುಟುಂಬದ ನಿಜವಾದ ವೈಶಿಷ್ಟ್ಯದ ಸುಳಿವು ಸಿಕ್ಕಿದ್ದು 1972ರಲ್ಲಿ. ವಾಲ್ಟರ್ ನಾಗ್ಲ್ ಎಂಬ ವಿಜ್ಞಾನಿ ಮತ್ತು ಆತನ ಸಂಗಡಿಗರು ಸಿಂಬಿಡಿಯಂ ಎಂಬ ಆರ್ಕಿಡಿನ ಮೊಳಕೆಗೆಡ್ಡೆಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಪರೀಕ್ಷಿಸಿದಾಗ, ಡಿ.ಎನ್.ಎ. ಇಡಿಯಾಗಿ ಅಲ್ಲದೆ ಅದರ ಕೆಲವು ಭಾಗಗಳು ಮಾತ್ರ ಹೆಚ್ಚುವರಿಯಾಗಿ ಪ್ರತಿಯಾಗುತ್ತಿವೆಯೆಂಬ ಚಿಹ್ನೆಗಳು ಕಂಡುಬಂದವು. 1978ರಲ್ಲಿ ನಾಗ್ಲನು ಒಳ ಇಮ್ಮಡಿಯ ವಿಷಯವನ್ನೇ ಕುರಿತು ಒಂದು ಗ್ರಂಥವನ್ನು ಬರೆದನು. ಆದರೆ ಇಡೀ ಪುಸ್ತಕದ ಬದಲು ಕೆಲವೇ ಪುಟಗಳ ಪ್ರತಿ ಎಂಬ ಮಾತನ್ನು ಲೆಕ್ಕದ ಮೂಲಕ ಸ್ಥಾಪಿಸಲು ಬೇರೊಂದು ಉಪಕರಣವೂ ಬೇರೊಂದು ಗಿಡವೂ ಬೇಕಾದವು. ಉಪಕರಣದ ವಿಷಯ ಮುಂದೆ ಬರುತ್ತದೆ. ಗಿಡವೇ ನಮ್ಮ ತೋಟದ ವೆನಿಲ್ಲಾ.

ಹನ್ನೆರಡು ವರ್ಷದ ಬಾಲಕ

ವೆನಿಲ್ಲಾದ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಅದನ್ನು ಹಿಂದೂಮಹಾಸಾಗರದ ರೇಯೂನಿಯನ್ ದ್ವೀಪಕ್ಕೆ ಒಯ್ದು ನೆಟ್ಟಾಗ ಬಳ್ಳಿ ಹಬ್ಬಿತು, ಹೂವೂ ಬಿಟ್ಟಿತು, ಕಾಯಿ ಮಾತ್ರ ಕಟ್ಟಲಿಲ್ಲ. 1836ರಲ್ಲಿ ಬೆಲ್ಜಿಯಂ ದೇಶದ ಚಾರ್ಲ್ಸ್ ಮೋರೆನನು ಕೈಯಿಂದ ಪರಾಗಸ್ಪರ್ಶ ಮಾಡಿಸಿ ಕಾಯಿ ಪಡೆದಿದ್ದನಾದರೂ ಆ ವಿಧಾನವು ತೋಟಗಾರರ ಕೈಗೆ ಹತ್ತಲಿಲ್ಲ. 1841ರಲ್ಲಿ ರೇಯೂನಿಯನ್ನಿನಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕನು ಸುಲಭವಾದ ಉಪಾಯವನ್ನು ಕಂಡುಹಿಡಿದನು. ಸಣ್ಣ ಕಡ್ಡಿಯಿಂದ ಹೂವಿನೊಳಗಿನ ತೆಳುವಾದ ಪರದೆಯನ್ನು ಮೇಲಕ್ಕೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿಬಿಡುವುದು, ಇಷ್ಟೆ. ಇಂದಿಗೂ ಜಗತ್ತಿನ ವೆನಿಲ್ಲಾ ತೋಟಗಳಲ್ಲಿ ನಡೆಯುವುದು ಇದೇ ಕ್ರಮ. 1848ರಲ್ಲಿ ದ್ವೀಪದಲ್ಲಿ ಗುಲಾಮಗಿರಿ ರದ್ದಾದಾಗ ಆತನಿಗೆ ಸ್ವಾತಂತ್ರ್ಯವೂ ಆಲ್ಬಿಯಸ್ ಎಂಬ ಉಪನಾಮವೂ ದೊರೆತವು. ಆದರೆ ಆತನ ಕಡ್ಡಿಯಿಂದ ದ್ವೀಪವೇ ಶ್ರೀಮಂತವಾದರೂ 1880ರಲ್ಲಿ ಆತನು ಬಡವನಾಗಿಯೇ ತೀರಿಕೊಂಡನು.

ನಮ್ಮ ಕಡೆಯವರಿಗೆ ಈ ಕಥೆ ದೂರದ್ದೆಂದು ತೋರಲಾರದು. 2000ನೆಯ ಇಸವಿಯಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದ ಬಳಿಕ ವೆನಿಲ್ಲಾದ ಬೆಲೆ ಆಕಾಶಕ್ಕೇರಿತು. ಮಲೆನಾಡಿನಿಂದ ಕಾಸರಗೋಡಿನವರೆಗೆ ಅಡಿಕೆ ತೋಟಗಳಲ್ಲೆಲ್ಲ ವೆನಿಲ್ಲಾ ಹಂಬುಗಳು ಹಬ್ಬಿದವು. ಹಸಿ ಕೋಡಿಗೆ ಕಿಲೋವಿಗೆ ಸಾವಿರಾರು ರೂಪಾಯಿ! ಅಮ್ಮನೊಡನೆ ಬೆಳಗಿನ ಇಬ್ಬನಿಯಲ್ಲಿ ಕಡ್ಡಿ ಹಿಡಿದು ಹೂವಿನಿಂದ ಹೂವಿಗೆ ಹೋಗುತ್ತಿದ್ದ ಆ ದಿನಗಳಲ್ಲಿ ನನಗೂ ಹನ್ನೆರಡೇ ವರ್ಷ. ಎಡ್ಮಂಡನ ಹೆಸರನ್ನು ನಾನಾಗಲಿ ಅಮ್ಮನಾಗಲಿ ಕೇಳಿರಲಿಲ್ಲ. 2005ರ ಹೊತ್ತಿಗೆ ಬೆಲೆ ನೆಲಕ್ಕಿಳಿಯಿತು. ಅಪ್ಪನು ಬಳ್ಳಿಗಳನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು. ಜಗಲಿಯ ಮುಂದಿನ ಒಂದನ್ನು ಅಮ್ಮನು ಕೀಳಗೊಡಲಿಲ್ಲ. ಅದೇ ಈಗಲೂ ನಿಂತಿರುವ ಬಳ್ಳಿ.

ಲೆಕ್ಕ ತಪ್ಪಿದ ಶಿಖರಗಳು

ಇನ್ನು ಉಪಕರಣದ ವಿಷಯ. 1983ರಲ್ಲಿ ಅಮೆರಿಕದ ಡೇವಿಡ್ ಗಾಲ್‌ಬ್ರೇತ್ ಮತ್ತು ಸಂಗಡಿಗರು ಒಂದು ಸರಳವಾದ ವಿಧಾನವನ್ನು ಪ್ರಕಟಿಸಿದರು. ಹಸಿ ಎಲೆಯ ಚೂರನ್ನು ಕ್ಷೌರದ ಬ್ಲೇಡಿನಿಂದ ದ್ರಾವಣದಲ್ಲಿ ಸಣ್ಣಗೆ ಹೆಚ್ಚಿ, ಸೋಸಿ, ಹೊಳೆಯುವ ಬಣ್ಣವನ್ನು ಬೆರೆಸುವುದು. ಕೋಶಕೇಂದ್ರಗಳನ್ನು ಒಂದೊಂದಾಗಿ ಬೆಳಕಿನ ಕಿರಣದ ಮುಂದೆ ಹಾಯಿಸುವುದು. ಹೊಳಪು ಎಷ್ಟೋ ಡಿ.ಎನ್.ಎ. ಅಷ್ಟು. ಕೆಲವೇ ನಿಮಿಷಗಳಲ್ಲಿ ಸಾವಿರಾರು ಕೋಶಕೇಂದ್ರಗಳ ಅಳತೆಯು ಶಿಖರಗಳ ರೂಪದ ರೇಖಾಚಿತ್ರವಾಗಿ ಕಣ್ಣೆದುರು ನಿಲ್ಲುತ್ತದೆ. ಸಾಧಾರಣ ಸಸ್ಯದಲ್ಲಿ ಒಳ ಇಮ್ಮಡಿಯಾಗಿದ್ದರೆ ಶಿಖರಗಳು 100, 200, 400, 800 ಎಂಬ ಕ್ರಮದಲ್ಲಿ ನಿಲ್ಲುತ್ತವೆ.

2008ರಲ್ಲಿ ಸೆವೆರಿನ್ ಬೋರಿ ಮತ್ತು ಸಂಗಡಿಗರು ರೇಯೂನಿಯನ್ನಿನ ವೆನಿಲ್ಲಾ ಬಳ್ಳಿಗಳನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಎಡ್ಮಂಡನು ಕಡ್ಡಿ ಹಿಡಿದ ಅದೇ ದ್ವೀಪ. ವೆನಿಲ್ಲಾದ ಶಿಖರಗಳು ಇಮ್ಮಡಿಯ ಲೆಕ್ಕಕ್ಕೆ ಬಗ್ಗಲಿಲ್ಲ. ಎರಡನೆಯದು ಮೊದಲನೆಯದರ ಎರಡರಷ್ಟಿರಲಿಲ್ಲ, ಬಹಳ ಕಡಮೆಯಿತ್ತು. ಮೇಲಕ್ಕೆ ಹೋದಂತೆ ಮಾತ್ರ ಅಂತರವು ಹಿಗ್ಗುತ್ತ ಹೋಗುತ್ತಿತ್ತು. ಲೆಕ್ಕ ತಪ್ಪಿದಾಗ ಉಪಕರಣವನ್ನು ದೂರುವುದು ಮನುಷ್ಯಸ್ವಭಾವ. ಆ ವಿಜ್ಞಾನಿಗಳು ಹಾಗೆ ಮಾಡದೆ ತಪ್ಪಿದ ಲೆಕ್ಕದಲ್ಲಿಯೇ ಒಂದು ಕ್ರಮವನ್ನು ಕಂಡರು.

ಆ ಕ್ರಮವನ್ನು ನನಗೆ ಪರಿಚಿತವಾದ ಉದಾಹರಣೆಯಿಂದ ವಿವರಿಸುತ್ತೇನೆ. ನಾನು ಕೆಲಸಕ್ಕೆ ಸೇರಿದ ವರ್ಷ ಕನ್ನಡ ಪಠ್ಯಪುಸ್ತಕಗಳು ಶಾಲೆಗೆ ತಲಪುವಾಗ ಅರ್ಧ ವರ್ಷ ಕಳೆದಿತ್ತು. ತರಗತಿಗೆಲ್ಲ ಇದ್ದುದು ಹಳೆಯ ಒಂದು ಪುಸ್ತಕ. ಈ ಪತ್ರಿಕೆಯನ್ನು ಅಚ್ಚುಮಾಡುವ ನಮ್ಮ ಸಂಘದ ಸೈಕ್ಲೋಸ್ಟೈಲ್ ಯಂತ್ರವನ್ನೇ ಬೇಡಿಕೊಂಡು ನಾನು ಪ್ರತಿ ತೆಗೆಯಲು ಕುಳಿತೆನು. ಇಡೀ ಪುಸ್ತಕಕ್ಕೆ ಕಾಗದವೆಲ್ಲಿ, ಶಾಯಿಯೆಲ್ಲಿ? ದಿನವೂ ಬೇಕಾಗುವ ಪಾಠಗಳಿಗೆ ಮಾತ್ರ ಸ್ಟೆನ್ಸಿಲ್ ಕೊರೆದೆನು. ಉಳಿದದ್ದು ಮೂಲಪುಸ್ತಕದಲ್ಲಿಯೇ ಉಳಿಯಿತು. ವೆನಿಲ್ಲಾದ ಕೋಶವು ಮಾಡುವುದೂ ಇದನ್ನೇ.

ನೂರು ಪುಟಗಳ ಪುಸ್ತಕವೆಂದು ಭಾವಿಸೋಣ. ಅದರಲ್ಲಿ ಸುಮಾರು 30 ಪುಟಗಳು ಮಾತ್ರ ಪ್ರತಿಯಾಗುತ್ತವೆ. 70 ಪುಟಗಳು ಇದ್ದಂತೆಯೇ ಇರುತ್ತವೆ. ಮೊದಲ ಸುತ್ತಿನಲ್ಲಿ 30 ಪುಟಗಳು 60 ಆಗುತ್ತವೆ, ಒಟ್ಟು 130. ಎರಡನೆಯ ಸುತ್ತಿನಲ್ಲಿ ಆ 60 ಪುಟಗಳು 120 ಆಗುತ್ತವೆ, ಒಟ್ಟು 190. ಮೂರನೆಯದರಲ್ಲಿ 310, ನಾಲ್ಕನೆಯದರಲ್ಲಿ 550, ಐದನೆಯದರಲ್ಲಿ 1030. ಇಡೀ ಪುಸ್ತಕವೇ ಪ್ರತಿಯಾಗಿದ್ದರೆ ಐದು ಸುತ್ತುಗಳಲ್ಲಿ 3200 ಪುಟಗಳಾಗಬೇಕಿತ್ತು. ಮೊದಲ ಹೆಜ್ಜೆ ಚಿಕ್ಕದು, ಮುಂದಿನವು ದೊಡ್ಡವು ಏಕೆಂಬುದು ಈಗ ಸ್ಪಷ್ಟವಾಯಿತಲ್ಲವೇ? ಬದಲಾಗದ 70 ಪುಟಗಳ ಭಾರವು ಮೊದಮೊದಲು ಎದ್ದು ಕಾಣುತ್ತದೆ, ಬಳಿಕ ಬೆಳೆದ ರಾಶಿಯಲ್ಲಿ ಮರೆಯಾಗುತ್ತದೆ.

2017ರಲ್ಲಿ ಫ್ರಾನ್ಸಿನ ಸ್ಪೆನ್ಸರ್ ಬ್ರೌನ್ ಮತ್ತು ಸಂಗಡಿಗರು 41 ಜಾತಿಯ ಆರ್ಕಿಡ್‌ಗಳನ್ನು ಪರೀಕ್ಷಿಸಿದ ವರದಿ ಹೊರಬಂದಿತು. 36 ಜಾತಿಗಳಲ್ಲಿ ಇಂತಹ ಭಾಗಶಃ ಪ್ರತಿಯೇ ಕಂಡುಬಂದಿತು. ಪ್ರತಿಯಾಗುವ ಪಾಲು ಒಂದೊಂದು ಜಾತಿಗೆ ಒಂದೊಂದು, ಆದರೆ ಆ ಜಾತಿಯ ಮಟ್ಟಿಗೆ ನಿಶ್ಚಿತ. ವೆನಿಲ್ಲಾ ಮೆಕ್ಸಿಕಾನಾ ಎಂಬುದರಲ್ಲಿ ಅದು ನೂರಕ್ಕೆ 89. ವೆನಿಲ್ಲಾ ಪೊಂಪೋನಾದಲ್ಲಿ ಕೇವಲ 19. ನ್ಯೂಕ್ಲಿಯಸ್ಸಿಗೆ ಹೆಸರಿಟ್ಟವನೂ ಬ್ರೌನ್, ನೂರೆಂಬತ್ತಾರು ವರ್ಷಗಳ ಬಳಿಕ ಅದೇ ಕುಟುಂಬದ ನ್ಯೂಕ್ಲಿಯಸ್ಸಿನ ಈ ವಿಚಿತ್ರವನ್ನು ಅಳೆದವರಲ್ಲಿ ಒಬ್ಬರೂ ಬ್ರೌನ್! ಕಾಕತಾಳೀಯವೇ ಸರಿ, ಆದರೂ ಸೊಗಸಾಗಿದೆ.

ಇದು ಬರಿಯ ಕುತೂಹಲದ ಮಾತಲ್ಲ. ಎಲೆಯಲ್ಲಿ ಪ್ರತಿಯಾದ ಕೋಶಕೇಂದ್ರಗಳೇ ತುಂಬಿದ್ದರೆ, 130 ಪುಟಗಳದ್ದನ್ನು ಮೂಲಪುಸ್ತಕವೆಂದು ತಿಳಿಯುವ ಅಪಾಯವುಂಟು. ಆರ್ಕಿಡ್‌ಗಳ ಡಿ.ಎನ್.ಎ. ಪ್ರಮಾಣವನ್ನು ಅಳೆಯುವಾಗ ಈ ಬಗ್ಗೆ ಎಚ್ಚರ ಬೇಕೆಂದು ಚೆಕ್ ದೇಶದ ಟ್ರಾವ್ನಿಚೆಕ್ ಮತ್ತು ಸಂಗಡಿಗರು 2015ರಲ್ಲಿ ಸಾರಿದರು.

ಯಾವ ಪುಟಗಳು?

ಪ್ರತಿಯಾಗುವ 30 ಪುಟಗಳಲ್ಲಿ ಬರೆದಿರುವುದೇನು? 2022ರಲ್ಲಿ ಪ್ರಕಟವಾದ ವೆನಿಲ್ಲಾದ ವಿವರವಾದ ಜೀನುನಕ್ಷೆಯು ಈ ಪ್ರಶ್ನೆಗೆ ಉತ್ತರದ ದಾರಿಯನ್ನು ತೆರೆಯಿತು. ವೆನಿಲ್ಲಾದಲ್ಲಿ 16 ಜೊತೆ ವರ್ಣತಂತುಗಳಿವೆ. ಗುರುತಿಸಲ್ಪಟ್ಟ ಜೀನುಗಳಲ್ಲಿ ನೂರಕ್ಕೆ 67ರಷ್ಟು ಒಟ್ಟು ಡಿ.ಎನ್.ಎ.ಯ ನೂರಕ್ಕೆ 30ರಷ್ಟು ಭಾಗದಲ್ಲಿಯೇ ನೆಲೆಸಿವೆ. ಪ್ರತಿಯಾಗುವುದು ಜೀನುಗಳು ದಟ್ಟವಾಗಿರುವ ಈ ಭಾಗವೇ ಇರಬೇಕೆಂದು ಸಂಶೋಧಕರು ಊಹಿಸಿದ್ದಾರೆ. ಪ್ರತಿಯಾಗದ ಭಾಗದಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುವ ಪುನರಾವೃತ್ತಿಗಳು ಹೆಚ್ಚು. ಸ್ಪೆನ್ಸರ್ ಬ್ರೌನ್ ಮತ್ತು ಸಂಗಡಿಗರು ಕಂಡ ಇನ್ನೊಂದು ಸಂಗತಿಯೂ ಇದಕ್ಕೆ ಹೊಂದುತ್ತದೆ: ಪ್ರತಿಗಳು ಹೆಚ್ಚಿದಂತೆ, ಕೋಶಕೇಂದ್ರದ ಒಳಗಿದ್ದು ಪ್ರೋಟೀನು ತಯಾರಿಕೆಗೆ ಸಾಮಗ್ರಿ ಒದಗಿಸುವ ಕಿರುದುಂಡು ಕೂಡ ಹಿಗ್ಗುತ್ತದೆ. ಅಂದರೆ ಪ್ರತಿಗಳು ಸುಮ್ಮನೆ ಅಟ್ಟಕ್ಕೆ ಸೇರಿಲ್ಲ. ಅವುಗಳನ್ನು ಓದಲಾಗುತ್ತಿದೆ, ಕೆಲಸ ನಡೆಯುತ್ತಿದೆ.

ಈ ದೀರ್ಘ ಕಥೆಯಿಂದ ನಾನು ಕಲಿತದ್ದು ಇಷ್ಟು. ಬವರನು ಅರ್ಥವಾಗದ ಕಲೆಯನ್ನು ಅಳಿಸಲಿಲ್ಲ. ಗೈಟ್ಲರನು ಚುಕ್ಕೆಗಳನ್ನು ಎಣಿಸದೆ ಬಿಡಲಿಲ್ಲ. ರೇಯೂನಿಯನ್ನಿನ ಬಳ್ಳಿಗಳನ್ನು ಅಳೆದವರು ತಪ್ಪಿದ ಲೆಕ್ಕವನ್ನು ತಿದ್ದಿ ಸರಿಮಾಡಲಿಲ್ಲ. ನಾನಾದರೋ, ಒಂದು ಮಗುವಿನ ಪ್ರಶ್ನೆಯನ್ನು ಅರ್ಧ ನಿಮಿಷದಲ್ಲಿ ಅಳಿಸಿಬಿಟ್ಟೆನು.

ನವರಾತ್ರಿಯ ರಜೆಯಲ್ಲಿ ಹುಡುಗಿಯನ್ನು ಕರೆಯಿಸಿ, "ನಿನ್ನ ಪ್ರಶ್ನೆ ಸರಿ ಇತ್ತು ಮಗಾ, ನಾನು ಹೇಳಿದ್ದೇ ತಪ್ಪು" ಎಂದು ಹೇಳಿ, ಮೇಲಿನ ಲೆಕ್ಕವನ್ನು ಜಗಲಿಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದೆನು. ಆಕೆ ವೆನಿಲ್ಲಾ ಎಲೆಯೊಂದನ್ನು ಮುಟ್ಟಿ ನೋಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಹಾಗಾದರೆ ನೂರರಲ್ಲಿ ಮೂವತ್ತಮೂರು ಜೀನು ಉಳಿದ ಎಪ್ಪತ್ತು ಪುಟದಲ್ಲಿ ಇವೆಯಲ್ಲ ಮಾಷ್ಟ್ರೇ, ಅವಕ್ಕೆ ಪ್ರತಿ ಯಾಕೆ ಬೇಡ?"

ಈ ಬಾರಿ ನಾನು ಅವಸರಪಡಲಿಲ್ಲ. ಪ್ರಶ್ನೆಯನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಆಕೆಯ ಕೈಯಿಂದಲೇ ಬರೆಯಿಸಿಕೊಂಡಿದ್ದೇನೆ.